ಅಕ್ಕಿ ತೊಳೆದ ನೀರಿನ ಕೈತೋಟ

ಚಿಂತಾಮಣಿಯ ಮಾರುಕಟ್ಟೆಗೆ ಟೊಮೆಟೊ ರಾಶಿ ರಾಶಿಯಾಗಿ ಬರುತ್ತದೆ. ಆದರೂ 2023ರ ಜುಲೈ ತಿಂಗಳಲ್ಲಿ ಅದರ ಬೆಲೆ ಕಿಲೋಗೆ 100 ರೂಪಾಯಿ ದಾಟಿದಾಗ, ಬೆಳೆಯುವ ಸೀಮೆಯ ಗೃಹಿಣಿಯರೂ ಕೈ ಬಿಗಿಹಿಡಿಯಬೇಕಾಯಿತು. ಹಿತ್ತಲಲ್ಲಿ ನಾಲ್ಕು ಗಿಡಗಳಿದ್ದರೆ ಎಷ್ಟು ಚೆನ್ನವೆಂದು ನಮಗೆಲ್ಲ ಅನಿಸಿದ್ದುಂಟು. ಆದರೆ ನಮ್ಮ ಕಡೆ ಬೀಜಕ್ಕಿಂತ ನೀರು ದುಬಾರಿ. ನಂದಿ ಬೆಟ್ಟದ ಸೀಮೆಯಲ್ಲಿ ಪಿನಾಕಿನಿಗಳು ಹುಟ್ಟಿದರೂ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಟ್ಯಾಂಕರ್ ನೀರನ್ನು ಕೊಂಡು ಕೈತೋಟ ಮಾಡುವುದು ಉಳಿತಾಯವೆನಿಸದು.

ಆದುದರಿಂದ ಅಡುಗೆಮನೆಯ ನೀರಿನಿಂದಲೇ ಆರಂಭಿಸೋಣ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಬಕೆಟ್ಟಿನಲ್ಲಿ ಕೂಡಿಡಬೇಕು. ದಿನಕ್ಕೊಂದು ಬಕೆಟ್ ದೊರೆತರೆ ಮಂಚದಷ್ಟಗಲದ ಸೊಪ್ಪಿನ ಪಾತಿಗೆ ಸಾಕಾಗುತ್ತದೆ. ಸಾಬೂನು ಅಥವಾ ಉಪ್ಪು ಬೆರೆತ ನೀರು ಬೇಡ. ಸಂಜೆ ಬುಡಕ್ಕೆ ನೀರುಣಿಸಿ, ಒಣ ಎಲೆಗಳನ್ನು ಹೊದಿಸಿದರೆ ತೇವ ಉಳಿಯುತ್ತದೆ.

ಬೀಜಕ್ಕಾಗಿ ಅಂಗಡಿಗೆ ಹೋಗಬೇಕಾಗಿಲ್ಲ. ಮನೆಯ ಮೆಂತ್ಯವನ್ನು ರಾತ್ರಿ ನೆನೆಸಿ ಬಿತ್ತಿದರೆ 25-30 ದಿನಗಳಲ್ಲಿ ಸೊಪ್ಪು ಕೈಗೆ ಬರುತ್ತದೆ. ಕೊತ್ತಂಬರಿ ಕಾಳನ್ನು ಮೆಲ್ಲಗೆ ಉಜ್ಜಿ, ಎರಡು ಹೋಳಾಗಿಸಿ, ನೆನೆಸಿ ಬಿತ್ತಬೇಕು. ದೊಡ್ಡಪತ್ರೆ, ಪುದೀನ, ಬಸಳೆಗಳಿಗೆ ನೆರೆಮನೆಯಿಂದ ತಂದ ಒಂದೊಂದು ಕಡ್ಡಿ ಸಾಕು. ಗೌರಿಬಿದನೂರಿನಂತಹ ಬಿಸಿಲ ಊರಿನಲ್ಲಿ ನುಗ್ಗೆಯ ಕೊಂಬೆಯೊಂದನ್ನು ನೆಡಬಹುದು. ಬೇರೂರಿದ ಮೇಲೆ ಅದು ಕಡಿಮೆ ನೀರಿನಲ್ಲಿಯೇ ಬೆಳೆದು, ಮುದ್ದೆಯ ಜೊತೆಗೆ ಬಸ್ಸಾರಿನ ಸೊಪ್ಪನ್ನು ಒದಗಿಸುತ್ತದೆ.

ಗೊಬ್ಬರದ ವಿಷಯದಲ್ಲಿ ಶಿಡ್ಲಘಟ್ಟದವರು ಭಾಗ್ಯವಂತರು. ರೇಷ್ಮೆ ಹುಳುವಿನ ಹಿಕ್ಕೆಯೂ ತಿಂದುಳಿದ ಹಿಪ್ಪುನೇರಳೆ ಸೊಪ್ಪೂ ಉತ್ತಮ ಗೊಬ್ಬರವಾಗುತ್ತವೆ. ಹಸಿಯಾಗಿ ಹಾಕದೆ, ಗುಂಡಿಯಲ್ಲಿ ಮಣ್ಣು ಮುಚ್ಚಿ ಸುಮಾರು 3 ತಿಂಗಳು ಕೊಳೆಸಿ ಬಳಸತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಗಿಡಗಳಿಗೆ ಹುಳ ಬಿದ್ದಾಗ ಹೊಗೆಸೊಪ್ಪಿನ ಕಷಾಯ ಅಥವಾ ಬೇವಿನೆಣ್ಣೆ ಸಿಂಪಡಿಸುವುದು ರೂಢಿ. ಮನೆಯಲ್ಲೇ ಸಿದ್ಧವಾದುದು, ಯಾರಿಗೂ ಕೇಡಿಲ್ಲವೆಂದು ನಾವು ಭಾವಿಸುತ್ತೇವೆ. ಆದರೆ ಗಾಳಿಯಲ್ಲಿ ತೇಲಿ ಅದು ಪಕ್ಕದ ಹಿಪ್ಪುನೇರಳೆಯ ಮೇಲೆ ಬಿದ್ದರೆ, ಆ ಸೊಪ್ಪನ್ನು ತಿಂದ ರೇಷ್ಮೆ ಹುಳುಗಳು ಸಾಯಬಹುದು. ಒಂದು ಬೆಳೆ ಕೆಟ್ಟಿತೆಂದರೆ ಆ ಕುಟುಂಬದ ಸುಮಾರು ಒಂದು ತಿಂಗಳ ದುಡಿಮೆ ಮಣ್ಣುಪಾಲಾದಂತೆ. ನಮ್ಮ ಪಾತಿಯಾದರೋ ಚಿಕ್ಕದು. ಹುಳಗಳನ್ನು ಕೈಯಿಂದಲೇ ಆರಿಸಿ ತೆಗೆಯಬಹುದು. ಹೇನುಗಳನ್ನು ನೀರೆರಚಿ ತೊಳೆಯಬಹುದು. ಬೆಳಗಿನ ಹತ್ತು ನಿಮಿಷಗಳ ಈ ಕೆಲಸವನ್ನು ಮಕ್ಕಳಿಗೂ ಕಲಿಸೋಣ. ನಾಲ್ಕು ಕಾಸು ಉಳಿಸಲು ಬೆಳೆದ ಸೊಪ್ಪಿನಿಂದ ನೆರೆಯವರ ಅನ್ನಕ್ಕೆ ಕುಂದು ಬರಬಾರದು.