ಮುಖ ನೆನಪಿದೆ, ಬಣ್ಣ ಹಚ್ಚಿದವರು?

'ನಾನು ಅವನಲ್ಲ ಅವಳು' ಸಿನಿಮಾದಿಂದ ರಾಷ್ಟ್ರಪ್ರಶಸ್ತಿ ಯಾರಿಗೆ ಬಂತು ಅಂತ ಹಾಸ್ಟೆಲ್‌ನಲ್ಲಿ ಯಾರನ್ನ ಕೇಳಿದ್ರೂ ಸಂಚಾರಿ ವಿಜಯ್ ಅಂತಾರೆ. ಸರಿಯೇ. ಆದರೆ 2014ನೇ ಸಾಲಿನಲ್ಲಿ ಅದೇ ಸಿನಿಮಾದ ಮೇಕಪ್‌ಗಾಗಿ ನಾಗರಾಜು ಮತ್ತು ರಾಜು ಅವರಿಗೂ ರಾಷ್ಟ್ರಪ್ರಶಸ್ತಿ ಬಂದಿತ್ತು. ನಿಜ ಹೇಳ್ಬೇಕಂದ್ರೆ, ಈ ಲೇಖನಕ್ಕೆ ಕೂರೋವರೆಗೂ ಆ ಎರಡು ಹೆಸರು ನಮಗೂ ಗೊತ್ತಿರಲಿಲ್ಲ.

ಇದು ನಮ್ಮೂರಿನ ಕಾಯಿಲೆ ಮಾತ್ರ ಅಲ್ಲ. 1931ರ 'ಫ್ರಾಂಕನ್‌ಸ್ಟೈನ್' ಸಿನಿಮಾ ನೋಡದವರಿಗೂ ಆ ಚಪ್ಪಟೆ ತಲೆಯ ರಾಕ್ಷಸನ ಮುಖ ಗೊತ್ತು. ಅದನ್ನು ಕಟ್ಟಿದವರು ಜ್ಯಾಕ್ ಪಿಯರ್ಸ್. ರಬ್ಬರ್ ಮುಖವಾಡ ಇಲ್ಲ. ಹತ್ತಿ, ಕೊಲೋಡಿಯನ್ ಎಂಬ ಅಂಟುದ್ರವ, ಬಣ್ಣ. ನಟ ಬೋರಿಸ್ ಕಾರ್ಲಾಫ್ ದಿನಾ ಗಂಟೆಗಟ್ಟಲೆ ಕುರ್ಚಿಯಲ್ಲಿ ಕೂರಬೇಕಿತ್ತು. ಮುಂದೆ ಫೋಮ್ ರಬ್ಬರ್ ಬಂತು, ಬೇಗ ಮುಗಿಸುವ ಕಾಲ ಬಂತು, 1940ರ ದಶಕದಲ್ಲಿ ಸ್ಟುಡಿಯೊ ಪಿಯರ್ಸ್‌ರನ್ನು ಕೈಬಿಟ್ಟಿತು. ಅವರು ತೀರಿಕೊಂಡಿದ್ದು 1968ರಲ್ಲಿ. ಆಗಿನ್ನೂ ಆಸ್ಕರ್‌ನಲ್ಲಿ ಮೇಕಪ್‌ಗೆ ಪ್ರತ್ಯೇಕ ವಿಭಾಗವೇ ಇರಲಿಲ್ಲ. ಅದು ಶುರುವಾಗಿದ್ದು 1981ರ ಸಿನಿಮಾಗಳಿಂದ.

ಇದು ಬರೀ ಪೌಡರ್ ಹಚ್ಚೋ ಕೆಲಸ ಅಂದುಕೊಂಡವರು 'ಪ್ಲಾನೆಟ್ ಆಫ್ ದಿ ಏಪ್ಸ್' ನೋಡಲಿ. ಅದರ ವಾನರ ಮುಖಗಳನ್ನು ಮಾಡಿದ ಜಾನ್ ಚೇಂಬರ್ಸ್, ಅದಕ್ಕೂ ಮೊದಲು ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಕೃತಕ ಅಂಗ ಮಾಡುತ್ತಿದ್ದವರು. ಡಿಕ್ ಸ್ಮಿತ್ ಒಂದೇ ಮುಖವಾಡದ ಬದಲು ಮುಖವನ್ನು ಸಣ್ಣ ಸಣ್ಣ ತುಂಡುಗಳಾಗಿ ಮಾಡಿ ಅಂಟಿಸಿದರು. ನಟನ ಒಂದೊಂದು ಸ್ನಾಯುವಿನ ಚಲನೆಯೂ ಕಾಣಲಿ ಅಂತ. ಮೆಟೀರಿಯಲ್ಸ್ ಲ್ಯಾಬಿನಲ್ಲಿ ನಾವು ಮಾಡೋದೂ ಇದನ್ನೇ ಅಲ್ವಾ?

ಹಾಗಾದ್ರೆ ಈ ಹೆಸರುಗಳು ಉಳಿದಿದ್ದು ಹೇಗೆ? ಯಾರೋ ಕೂತು ಬರೆದಿದ್ದರಿಂದ. ಮೂಕಿ ಸಿನಿಮಾ ಕಾಲದಲ್ಲಿ ತನ್ನ ಮೇಕಪ್ ತಾನೇ ಮಾಡಿಕೊಳ್ಳುತ್ತಿದ್ದ ಲಾನ್ ಚೇನಿ ಬಗ್ಗೆ ಮೈಕೆಲ್ ಬ್ಲೇಕ್ ಮೂರು ಪುಸ್ತಕ ಬರೆದರು. ಬ್ಲೇಕ್ ಸ್ವತಃ ಮೇಕಪ್ ಕಲಾವಿದರು. ಕೆಲಸ ಗೊತ್ತಿದ್ದವರೇ ಕೆಲಸದ ಚರಿತ್ರೆ ಬರೆದಾಗ ಅದಕ್ಕೊಂದು ತೂಕ ಬರುತ್ತೆ. ಇದೂ ಒಂದು ವೃತ್ತಿ ಅಂತ ಪ್ಲೇಸ್‌ಮೆಂಟ್ ಸೆಲ್‌ನಲ್ಲಿ ಯಾರೂ ಹೇಳಲ್ಲ, ಅಷ್ಟೇ.

"ಮೇಕಪ್ ಕಾಣಿಸಬಾರದು, ಅದೇ ಅದರ ಗೆಲುವು" ಅಂತ ಕೆಲವರು ವಾದಿಸ್ತಾರೆ. ಒಪ್ಪಿದೆವು. ಕಾಣಬಾರದ್ದು ಕೆಲಸ, ಮಾಡಿದವರೂ ಕಾಣಬಾರದು ಅಂತ ಯಾರು ಹೇಳಿದ್ದು? ಕೆಲಸ ಕಣ್ಣಿಗೆ ಬೀಳದಿದ್ದರೆ ಹೆಸರನ್ನು ಇನ್ನೊಬ್ಬರು ಹೇಳಲೇಬೇಕು.

ಇಷ್ಟೆಲ್ಲ ಹೇಳೋ ನಾವೇನು ಸಾಚಾ ಅಲ್ಲ. ಕಳೆದ ರಾಜ್ಯೋತ್ಸವದ ನಾಟಕಕ್ಕೆ ಊರಿನಿಂದ ಒಬ್ಬ ಹಿರಿಯ ಪ್ರಸಾಧಕರು ಬಂದು ಹದಿನಾಲ್ಕು ಜನಕ್ಕೆ ಬಣ್ಣ ಹಚ್ಚಿದರು. ಕರಪತ್ರದಲ್ಲಿ ಪ್ರಾಯೋಜಕರ ಹೆಸರಿತ್ತು, ಸೌಂಡ್ ಸಿಸ್ಟಮ್‌ನವರ ಹೆಸರಿತ್ತು, ಅವರದಿರಲಿಲ್ಲ. ಫೋಟೊ ತೆಗೆಯುವಾಗ ಅವರು ಪೆಟ್ಟಿಗೆ ಕಟ್ಟುತ್ತಿದ್ದರು. ಯಾರೂ ಕರೆಯಲಿಲ್ಲ, ನಾವೂ ಕರೆಯಲಿಲ್ಲ.

ಈ ಸಲ ಕರೆಯೋಣ. ಹೆಸರು ಹಾಕೋಣ. ಜೊತೆಗೆ ಮೊಬೈಲ್ ರೆಕಾರ್ಡರ್ ಆನ್ ಮಾಡಿ ಅರ್ಧ ಗಂಟೆ ಅವರ ಪಕ್ಕ ಕೂರೋಣ. ಯಾವ ಬಣ್ಣ, ಯಾವ ಅಂಟು, ಯಾರ ಹತ್ತಿರ ಕಲಿತದ್ದು ಅಂತ ಕೇಳೋಣ. ಅವರು ಹೇಳಿದ್ದನ್ನ ಮುಂದಿನ ಸಂಚಿಕೆಯಲ್ಲಿ ಇಲ್ಲೇ ಹಾಕ್ತೀವಿ.