ನಾಲೆಯ ಮಟ್ಟ ಹಿಡಿಯುವವನು
ಕನ್ನಂಬಾಡಿಯ ಕಟ್ಟೆಯನ್ನು ನೋಡಬಂದವರ ಕಣ್ಣು ನಿಲ್ಲುವುದು ಅದರ ಎತ್ತರದ ಮೇಲೆ, ನೀರಿನ ವಿಸ್ತಾರದ ಮೇಲೆ. ಆದರೆ ಆ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಕೇವಲ ತನ್ನ ಭಾರದಿಂದಲೇ ಹರಿದು ಮಂಡ್ಯದ ಗದ್ದೆಗಳನ್ನು ಮುಟ್ಟುವಂತಾದುದು, ಮೊದಲ ಗುದ್ದಲಿ ಬೀಳುವ ಮುನ್ನವೇ ಮುಕ್ಕಾಲಿಯನ್ನು ಹೆಗಲಿಗೇರಿಸಿಕೊಂಡು ಆ ದಾರಿಯನ್ನೆಲ್ಲ ನಡೆದ ಸರ್ವೇಯರರಿಂದ ಎಂಬುದು ಬಹುಮಂದಿಗೆ ತೋಚದು. 5000 ಅಡಿಗೆ 1 ಅಡಿ ಇಳಿಜಾರಿನ ನಾಲೆಯೆಂದರೆ ಒಂದು ಕಿಲೋಮೀಟರಿಗೆ ಇಳಿಯುವುದು 20 ಸೆಂಟಿಮೀಟರು, ಹೆಚ್ಚುಕಡಿಮೆ ಒಂದು ಗೇಣು ಮಾತ್ರ; ಅಷ್ಟೇ ದೂರದಲ್ಲಿ ಭೂಮಿಯು ತನ್ನ ದುಂಡುತನದಿಂದ ನೇರ ದೃಷ್ಟಿರೇಖೆಗಿಂತ ಸುಮಾರು 8 ಸೆಂಟಿಮೀಟರು ಕೆಳಗೆ ಸರಿದಿರುತ್ತದೆ. ಆದುದರಿಂದಲೇ ಬಲ್ಲ ಸರ್ವೇಯರನು ದೂರದ ನೋಟವನ್ನು ನಂಬದೆ, ಹಿಂದಿನ ಸ್ಟಾಫಿಗೂ (ಅಂಕಿ ಬರೆದ ಅಳತೆಗೋಲಿಗೂ) ಮುಂದಿನ ಸ್ಟಾಫಿಗೂ ಸಮದೂರದಲ್ಲಿ ಲೆವೆಲ್ ಯಂತ್ರವನ್ನು ನಿಲ್ಲಿಸುತ್ತಾನೆ. ಹಾಗೆ ನಿಲ್ಲಿಸಿದಲ್ಲಿ ಭೂಮಿಯ ಬಾಗೂ ಯಂತ್ರದ ದೋಷವೂ ಲೆಕ್ಕದಲ್ಲಿ ತಾವಾಗಿಯೇ ಕಳೆದುಹೋಗುತ್ತವೆ. ಮಧ್ಯಾಹ್ನ ನೆಲದ ಕಾವು ಮೇಲೆದ್ದು, ದುರ್ಬೀನಿನೊಳಗೆ ಸ್ಟಾಫಿನ ಕೆಂಪು ಕಪ್ಪು ಅಂಕಿಗಳು ನೀರಿನಲ್ಲಿ ಬಿದ್ದ ನೆರಳಿನಂತೆ ನಡುಗತೊಡಗಿದಾಗ ಅವನು ಕೆಲಸ ನಿಲ್ಲಿಸಿಬಿಡುವುದು ಧರ್ಮವೇ ಸರಿ. ಸಂಜೆ, ತಾನು ಹೊರಟ, ಎತ್ತರ ಗೊತ್ತಿರುವ ಗುರುತಾದ ಬೆಂಚ್‌ಮಾರ್ಕಿಗೇ ಮರಳಿ ಬಂದು, ಲೆವೆಲ್ ಪುಸ್ತಕದಲ್ಲಿ ಏರಿಳಿತಗಳನ್ನು ಕೂಡಿ ಕಳೆದು, ಉಳಿದ ವ್ಯತ್ಯಾಸವು ಕೆಲವೇ ಮಿಲಿಮೀಟರುಗಳೆಂದು ಕಂಡ ಹೊರತು ಅವನ ದಿನ ಮುಗಿಯದು. ತಪ್ಪಿದ ಅಂಕಿಯನ್ನು ಅಳಿಸದೆ, ಅದಕ್ಕೊಂದು ಗೆರೆ ಎಳೆದು ಸರಿಯಾದುದನ್ನು ಮೇಲೆ ಬರೆಯುವ ಈ ವೃತ್ತಿಯ ಕಟ್ಟುಪಾಡನ್ನು ನಾನು ಬಹುವಾಗಿ ಗೌರವಿಸುತ್ತೇನೆ. ಕಟ್ಟಡದ ಕೆಲಸ ನಡೆಯುವೆಡೆ, ಕಾಂಕ್ರೀಟಿನಲ್ಲಿ ಹುದುಗಿಸಿ ಬಣ್ಣ ಬಳಿದ ಕಂಬಿಯ ತುದಿಯೊಂದು ಕಂಡರೆ, ಅದು ಅಂಥ ಬೆಂಚ್‌ಮಾರ್ಕೇ ಆಗಿರಬಹುದು; ದಯವಿಟ್ಟು ಅದರ ಮೇಲೆ ಇಟ್ಟಿಗೆ ಪೇರಿಸದಿರಿ, ಅದನ್ನು ಅಲುಗಿಸದಿರಿ.