ಮಾದಪ್ಪನ ದಾರಿಯ ಪ್ಲಾಸ್ಟಿಕ್ಕಿಗೆ ಯಾರು ಹೊಣೆ?

ಶಿವರಾತ್ರಿ, ಯುಗಾದಿ, ದೀಪಾವಳಿ ಬಂತೆಂದರೆ ನಮ್ಮ ಮಧುವನಹಳ್ಳಿ ರಸ್ತೆಯಲ್ಲಿ ಹಗಲೂ ರಾತ್ರಿ ‘ಉಘೇ ಮಾದಪ್ಪ’. ಮಲೆ ಮಹದೇಶ್ವರ ಬೆಟ್ಟಕ್ಕೆಂದು ಕೊಳ್ಳೇಗಾಲ ದಾಟಿ ಹನೂರಿನತ್ತ ನಡೆಯುವ ಪರಸೆಗೆ ದಾನಿಗಳು ಮಜ್ಜಿಗೆ, ಪಾನಕ, ರೈಸ್‌ಬಾತ್ ಕೊಡುತ್ತಾರೆ. ಪುಣ್ಯದ ಕೆಲಸ, ಎರಡು ಮಾತಿಲ್ಲ. ಪರಸೆ ಮುಂದೆ ಹೋದ ಮೇಲೆ ರಸ್ತೆಬದಿ ಜಮೀನಿನವರನ್ನು ಕೇಳಿ. ನನ್ನ ಹಿಪ್ಪುನೇರಳೆ ತೋಟದ ಬದುವಿನ ತುಂಬ ಲೋಟ, ತಟ್ಟೆ, ಗೇಣುದ್ದದ ನೀರಿನ ಬಾಟಲಿ. ಉಳುಮೆಗೆ ಬಂದವನು ರೋಟವೇಟರ್ ನಿಲ್ಲಿಸಿ, ಬ್ಲೇಡಿಗೆ ಸುತ್ತಿಕೊಂಡ ಕವರುಗಳನ್ನು ಕುಡುಗೋಲಿನಿಂದ ಕೊಯ್ದು ಕೀಳುತ್ತಾನೆ. ಬಾಡಿಗೆ ಗಂಟೆ ಲೆಕ್ಕದ್ದು. ಆ ಹೊತ್ತಿನ ಕಾಸೂ ನನ್ನದೇ.

ಕಾನೂನಿಗೆ ಬರವಿಲ್ಲ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚಗಳ ತಯಾರಿಕೆ, ಮಾರಾಟ, ಬಳಕೆ ಎಲ್ಲವನ್ನೂ ನಿಷೇಧಿಸಿತು. ಚೀಲ ಎಷ್ಟೇ ದಪ್ಪವಿದ್ದರೂ ಬಿಡುವಂತಿಲ್ಲ. ಕೇಂದ್ರದ ನಿಷೇಧ 2022ರ ಜುಲೈ 1ರಂದು ಬಂತು. ಅದರ ನಿಯಮದಲ್ಲಿ 120 ಮೈಕ್ರಾನ್ ದಪ್ಪದ ಚೀಲಕ್ಕೆ ಅವಕಾಶವಿದೆ. ಅಂಗಡಿಯವನು ಯಾರ ಮಾತು ಕೇಳಬೇಕು? ತಪಾಸಣೆಗೆ ಬರುವವರು ಮೈಕ್ರಾನ್ ಅಳೆದದ್ದನ್ನು ನಾನಂತೂ ಕಂಡಿಲ್ಲ, ಬೆರಳಲ್ಲಿ ಉಜ್ಜಿ ನೋಡುತ್ತಾರೆ. ದಂಡ ಬೀಳುವುದು ಹೂ ಮಾರುವವಳಿಗೆ. ಲೋಡುಗಟ್ಟಲೆ ತಂದಿಳಿಸುವ ಗೋದಾಮಿಗೆ ಬೀಗ ಬೀಳುವುದು ಅಪರೂಪ.

ನೀರಿನ ಬಾಟಲಿಯಂತೂ ಎರಡೂ ಪಟ್ಟಿಯಲ್ಲಿಲ್ಲ. ಮಾರಿದ ಕಂಪನಿಯೇ ಅದನ್ನು ವಾಪಸು ಪಡೆಯುವ ಹೊಣೆ ಹೊರಬೇಕೆಂದು 2022ರ ಫೆಬ್ರುವರಿಯಲ್ಲಿ ಕೇಂದ್ರ ನಿಯಮ ಮಾಡಿತು. ಆದರೆ ಆ ಹೊಣೆ ತೀರುವುದು ಟನ್ನಿನ ಲೆಕ್ಕದಲ್ಲಿ. ಇನ್ನೆಲ್ಲೋ ಮರುಬಳಕೆಯಾದ ಪ್ಲಾಸ್ಟಿಕ್ಕಿನ ಪ್ರಮಾಣಪತ್ರ ಕೊಂಡರೂ ನಡೆಯುತ್ತದೆ. ನನ್ನ ಬದುವಿನ ಬಾಟಲಿ ಬದುವಿನಲ್ಲೇ ಇರುತ್ತದೆ.

ಕೊನೆಗೆ ಯಾರಾದರೂ ಕಡ್ಡಿ ಗೀರುತ್ತಾರೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ರೇಷ್ಮೆ ಹುಳುಮನೆಗೆ ಹೊಗೆ ಹೊಕ್ಕರೆ ಏನಾಗುತ್ತದೆಂದು ಈ ಸೀಮೆಯವರಿಗೆ ಹೇಳಬೇಕಿಲ್ಲ.

ಬೆಟ್ಟದ ಕಾಡು 2013ರಿಂದ ವನ್ಯಜೀವಿಧಾಮ, ಅಲ್ಲಿ ಬಿಗಿ ಇರಬೇಕಾದ್ದೇ. ಆದರೆ ಬೆಟ್ಟದ ಬುಡದ ತಾಳಬೆಟ್ಟದಲ್ಲಿ ಮಾತ್ರ ಬಿಗಿ ಮಾಡಿದರೆ, ಅಲ್ಲಿ ಎಸೆಯಬೇಕಾದ್ದನ್ನು ಜನ ನಮ್ಮಲ್ಲೇ ಎಸೆದು ಹೋಗುತ್ತಾರೆ. ದಾನಿಗಳು ಶಾಮಿಯಾನ ಹಾಕುವ ಮೊದಲೇ ಪಂಚಾಯಿತಿಗಳು ಠೇವಣಿ ಕಟ್ಟಿಸಿಕೊಳ್ಳಲಿ. ಮುತ್ತುಗದ ಎಲೆ ಇಲ್ಲವೇ ಅಡಿಕೆ ಹಾಳೆಯಲ್ಲಿ ಊಟ, ಸ್ಟೀಲ್ ಲೋಟದಲ್ಲಿ ಮಜ್ಜಿಗೆ. ಕಾಗದದ ಲೋಟವೂ ಬೇಡ, ಅದರೊಳಗೂ ಪ್ಲಾಸ್ಟಿಕ್ ಲೇಪವಿದೆ. ನೀರಿಗೆ ಅರವಟ್ಟಿಗೆ ಇಟ್ಟರಾಯಿತು, ನಮ್ಮ ಹಿರಿಯರು ಬಾಟಲಿ ಹಂಚಿ ಪುಣ್ಯ ಕಟ್ಟಿಕೊಂಡವರಲ್ಲ. ಮಾರನೇ ದಿನ ಶಾಮಿಯಾನದ ಆಚೀಚೆ ಹೊಲ ನೋಡಿ, ಜಮೀನಿನವನ ಸಹಿ ಹಾಕಿಸಿಕೊಂಡು ಠೇವಣಿ ವಾಪಸು ಕೊಡಲಿ.